ದೀಕ್ಷೆ ಮತ್ತು ಶ್ರದ್ಧೆ: ಹೊಯ್ಸಳ ವಿಷ್ಣುವರ್ಧನನ ಧಾರ್ಮಿಕ ಬದುಕು

ಮತವೊಂದನ್ನು ಪ್ರವೇಶಿಸುವವನಿಗೆ ಸಂಸ್ಕಾರವೊಂದು ಬಾಗಿಲಾಗುವುದು ಹಲವು ಧರ್ಮಗಳಲ್ಲಿ ಕಂಡುಬರುವ ಸಂಗತಿ. ಕ್ರೈಸ್ತರ ದೀಕ್ಷಾಸ್ನಾನ, ಶ್ರೀವೈಷ್ಣವರ ಪಂಚಸಂಸ್ಕಾರ ಇದಕ್ಕೆ ನಿದರ್ಶನಗಳು. ಆದರೆ ಸಂಸ್ಕಾರವೇ ಶ್ರದ್ಧೆಯಲ್ಲ. ಜೈನ ಪರಿಭಾಷೆಯಲ್ಲಿ ನಿಜವಾದ ಶ್ರದ್ಧೆಗೆ ಸಮ್ಯಕ್ತ್ವವೆಂಬ ಪ್ರತ್ಯೇಕ ಹೆಸರೇ ಇದೆ. ಇವೆರಡರ ಸಂಬಂಧದ ಪ್ರಶ್ನೆ ಕರ್ನಾಟಕದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಎದುರಾಗುವುದು ಹೊಯ್ಸಳ ದೊರೆ ವಿಷ್ಣುವರ್ಧನನ ಬದುಕಿನಲ್ಲಿ.

ಎರೆಯಂಗ ಮತ್ತು ಏಚಲದೇವಿಯರ ಮೂವರು ಮಕ್ಕಳಲ್ಲಿ ನಡುವಿನವನಾದ ಬಿಟ್ಟಿದೇವನು ಅಣ್ಣ ಒಂದನೆಯ ಬಲ್ಲಾಳನ ತರುವಾಯ ಕ್ರಿ.ಶ. 1108ರ ಸುಮಾರಿಗೆ ಪಟ್ಟಕ್ಕೆ ಬಂದನು. ಜೈನನಾಗಿದ್ದ ಈತನಿಗೆ ರಾಮಾನುಜಾಚಾರ್ಯರು ವೈಷ್ಣವ ದೀಕ್ಷೆಯಿತ್ತು ವಿಷ್ಣುವರ್ಧನನೆಂದು ಹೆಸರಿಟ್ಟರೆಂಬುದು ಶ್ರೀವೈಷ್ಣವ ಪರಂಪರೆಯ ಕಥನ. ಬಿಟ್ಟಿ ಎಂಬುದು ವಿಷ್ಣು ಶಬ್ದದ ತದ್ಭವವೇ ಆಗಿರುವುದರಿಂದ ಕೇವಲ ಹೆಸರನ್ನು ಆಧರಿಸಿ ಮತಾಂತರವನ್ನು ಸಾಧಿಸಲಾಗದು. ಆತನ ಕಾಲದ ಶಾಸನಗಳು ಇಂಥದೊಂದು ದೀಕ್ಷೆಯನ್ನು ಹೇಳುವುದೂ ಇಲ್ಲ. ಸಂಸ್ಕಾರದ ಕಥೆ ಪರಂಪರೆಯ ಗ್ರಂಥಗಳಲ್ಲಿ ಉಳಿದಿದೆ. ರಾಜನ ನಡೆ ಶಿಲೆಯ ಮೇಲೆ ಉಳಿದಿದೆ.

ಚೋಳರಿಂದ ತಲಕಾಡನ್ನು ಗೆದ್ದ ಬಳಿಕ 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಇಂದು ಚೆನ್ನಕೇಶವನೆಂದು ಪ್ರಸಿದ್ಧನಾದ ದೇವರು ಇವನೇ. ದೊರೆಯ ವಿಷ್ಣುಭಕ್ತಿಯನ್ನು ಇಲ್ಲಿ ಸಂಶಯಿಸಬೇಕಾಗಿಲ್ಲ. ಆದರೆ ಮರುವರ್ಷ, 1118ರಲ್ಲಿ, ಕಣ್ಣೆಗಾಲದಲ್ಲಿ ಚಾಳುಕ್ಯ ಸೈನ್ಯವನ್ನು ಸೋಲಿಸಿದ ಜೈನ ದಂಡನಾಯಕ ಗಂಗರಾಜನಿಗೆ ಇದೇ ದೊರೆ ಪರಮ ಗ್ರಾಮವನ್ನು ಕೊಟ್ಟನು. ಗಂಗರಾಜನು ಅದನ್ನು ತನ್ನ ತಾಯಿ ಮತ್ತು ಪತ್ನಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟನು. ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಕೇತಮಲ್ಲನು ದೊರೆಯ ಹೆಸರಿನಲ್ಲಿ ಹೊಯ್ಸಳೇಶ್ವರನನ್ನು ಪ್ರತಿಷ್ಠಿಸಿದುದು 1121ರ ಸುಮಾರಿನಲ್ಲಿ.

ಪಟ್ಟಮಹಿಷಿ ಶಾಂತಲೆಯ ಬದುಕು ಈ ಚಿತ್ರವನ್ನು ಪೂರ್ಣಗೊಳಿಸುತ್ತದೆ. ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದ ಶಾಂತಲೆ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಳ್ಳುವವರೆಗೂ ಆಕೆ ಜೈನೆಯಾಗಿಯೇ ಇದ್ದಳು. ಪತಿಯ ನಿಷ್ಠೆ ಬದಲಾದುದು ಪತ್ನಿಯ ಶ್ರದ್ಧೆಗೆ ಅಡ್ಡಿಯಾಗಲಿಲ್ಲ.

ಇನ್ನೂ ಮಹತ್ತ್ವದ ಸಾಕ್ಷ್ಯ 1133ರದು. ಗಂಗರಾಜನ ಮರಣಾನಂತರ ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ನಿರ್ಮಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಗೆ ಒಯ್ದಾಗ ಆತನಿಗೆ ಯುದ್ಧದಲ್ಲಿ ಜಯವೂ ಪುತ್ರಲಾಭವೂ ಒದಗಿದ್ದವು. ವಿಷ್ಣುವರ್ಧನನು ಪ್ರಸಾದವನ್ನು ಗೌರವದಿಂದ ಸ್ವೀಕರಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು; ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು. ಜಾವಗಲ್ಲು ಇಂದು ಅರಸೀಕೆರೆ ತಾಲ್ಲೂಕಿನಲ್ಲಿದೆ. ವಿಷ್ಣುವಿನ ಅವತಾರದ ಹೆಸರು ಮಗನಿಗೆ, ಅದೇ ವಿಜಯದ ಹೆಸರು ತೀರ್ಥಂಕರನಿಗೆ ಸಂದುದು ಗಮನಾರ್ಹ. ಬಸದಿಗಳನ್ನು ಕೆಡವಿಸಿದನೆಂದು ಈತನನ್ನು ದೂಷಿಸುವ ಐತಿಹ್ಯಗಳಿಗೆ ಈ ಶಾಸನವೊಂದೇ ಸಾಕಷ್ಟು ಉತ್ತರವಾಗಿದೆ.

ವೈಷ್ಣವನಾದ ಮೇಲೂ ಆತನ ಬಿರುದುಗಳಲ್ಲಿ ಸಮ್ಯಕ್ತ್ವಚೂಡಾಮಣಿ ಎಂಬುದು ಮುಂದುವರಿಯಿತು. ಬಿರುದುಗಳು ವಂಶಪಾರಂಪರ್ಯವಾಗಿ ಬರುವುದರಿಂದ ಇದನ್ನೇ ಆತನ ಜೈನಶ್ರದ್ಧೆಗೆ ಪುರಾವೆಯಾಗಿ ಹಿಡಿಯುವುದು ಸರಿಯಲ್ಲ. ದತ್ತಿಗಳಲ್ಲಿಯೂ ರಾಜಕಾರಣದ ಅಗತ್ಯಗಳಿದ್ದುವೆಂಬುದನ್ನು ಮರೆಯುವಂತಿಲ್ಲ. ಜೈನ ದಂಡನಾಯಕರ ನೆರವಿಲ್ಲದೆ ಹೊಯ್ಸಳರ ವಿಸ್ತರಣೆ ಸುಲಭಸಾಧ್ಯವಾಗಿರಲಿಲ್ಲ. ಆದರೂ ಹಳೆಯ ಬಿರುದನ್ನು ಕಳಚಬೇಕೆಂದು ದೊರೆಗಾಗಲಿ ಶಾಸನಕವಿಗಳಿಗಾಗಲಿ ತೋರಲಿಲ್ಲವೆಂಬುದು ಅರ್ಥಪೂರ್ಣ.

ಈ ಸಂದರ್ಭದಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಬದುಕನ್ನು ಹೋಲಿಸಿ ನೋಡಬಹುದು. 312ರ ಯುದ್ಧವಿಜಯದಿಂದಲೇ ಕ್ರೈಸ್ತಧರ್ಮದತ್ತ ಒಲಿದ ಆತನು ದೀಕ್ಷಾಸ್ನಾನ ಪಡೆದುದು 337ರಲ್ಲಿ, ಮರಣಶಯ್ಯೆಯಲ್ಲಿ. ಕಾಲು ಶತಮಾನ ಕಾಲ ಆತನ ಒಲವಿಗೆ ಸಂಸ್ಕಾರದ ಮುದ್ರೆ ಇರಲಿಲ್ಲ. ಅಲ್ಲಿ ಸಂಸ್ಕಾರಕ್ಕೆ ಖಚಿತವಾದ ಕಾಲವಿದೆ. ವಿಷ್ಣುವರ್ಧನನಲ್ಲಿ ಅದೂ ಇಲ್ಲ. ಎರಡು ಕಡೆಯೂ ಶ್ರದ್ಧೆಯ ಸ್ವರೂಪವನ್ನು ಸಂಸ್ಕಾರದ ದಿನದಿಂದಲ್ಲ, ನಡವಳಿಕೆಯ ವರ್ಷಗಳಿಂದ ಅರಿಯಬೇಕಾಗಿದೆ.

ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1220ರಲ್ಲಿ, ರೇಚರಸನು ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಅದೇ ಊರಿನ ಈಶ್ವರ ದೇವಾಲಯವೂ ಸರಿಸುಮಾರು ಅದೇ ಕಾಲದ್ದು. ವಿಷ್ಣುವರ್ಧನನ ದೀಕ್ಷೆಯನ್ನು ಒಂದು ಮತದ ಗೆಲುವೆಂದೂ ಇನ್ನೊಂದರ ಸೋಲೆಂದೂ ಓದುವ ಕ್ರಮಕ್ಕೆ ಬೇಲೂರು, ಹಳೇಬೀಡು, ಅರಸೀಕೆರೆಗಳ ಸಾಕ್ಷ್ಯ ಒಟ್ಟಾಗಿ ಒಪ್ಪುವುದಿಲ್ಲ. ಆತನು ವಿಷ್ಣುವನ್ನು ಆರಿಸಿಕೊಂಡುದು ನಿಜ. ಆ ಆಯ್ಕೆಗಾಗಿ ಜಿನನನ್ನು ನಿರಾಕರಿಸಬೇಕಾಗಲಿಲ್ಲವೆಂಬುದೂ ಅಷ್ಟೇ ನಿಜ.