ನಗದೆ ನಗಿಸಿದ ಬಸ್ಟರ್ ಕೀಟನ್

ಪರರನ್ನು ನಗಿಸಹೊರಟವನು ತಾನು ಮೊದಲು ನಗಬಾರದೆಂಬುದು ಹಾಸ್ಯದ ಹಳೆಯ ನಿಯಮ. ಕೇಳುವುದಕ್ಕೆ ಸುಲಭವಾದ ಈ ನಿಯಮವು ಆಚರಣೆಯಲ್ಲಿ ಎಷ್ಟು ಕಠಿನವೆಂಬುದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಹಸನವಾಡಿದವರೆಲ್ಲರೂ ಬಲ್ಲರು. ಮಾತು ಹೊರಬೀಳುವ ಮೊದಲೇ ತುಟಿ ಬಿರಿಯುತ್ತದೆ. ಸಭಿಕರ ಪಾಲಿನ ನಗೆಯನ್ನು ನಟನೇ ನಕ್ಕು ಮುಗಿಸುತ್ತಾನೆ. ಈ ನಿಯಮವನ್ನು ಸುಮಾರು ೬೦ ವರ್ಷಗಳ ಕಾಲ ಪಾಲಿಸಿ, ಕಲ್ಲಿನಂತಹ ಮುಖದಿಂದಲೇ ಲೋಕವನ್ನು ನಗಿಸಿದ ಅಮೆರಿಕದ ನಟ ಬಸ್ಟರ್ ಕೀಟನ್ನನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಕೀಟನ್ ಹುಟ್ಟಿದುದು ೧೮೯೫ನೆಯ ಅಕ್ಟೋಬರ್ ೪ರಂದು, ಕಾನ್ಸಾಸ್ ಸಂಸ್ಥಾನದ ಪಿಕ್ವಾ ಎಂಬ ಹಳ್ಳಿಯಲ್ಲಿ. ತಂದೆ ಜೋ, ತಾಯಿ ಮೈರಾ ಇಬ್ಬರೂ ಊರೂರು ಅಲೆದು ಆಟವಾಡಿ ಹೊಟ್ಟೆ ಹೊರೆಯುತ್ತಿದ್ದ ಕಲಾವಿದರು. ಮಗು ಹುಟ್ಟಿದುದೂ ಅಂತಹ ಒಂದು ತಿರುಗಾಟದ ನಡುವೆಯೇ. ಇಟ್ಟ ಹೆಸರು ಜೋಸೆಫ್. ಎಳವೆಯಲ್ಲಿ ಮೆಟ್ಟಿಲುಗಳಿಂದ ಉರುಳಿಬಿದ್ದೂ ಗಾಯವಿಲ್ಲದೆ ಎದ್ದು ಕುಳಿತುದರಿಂದ ಬಸ್ಟರ್ ಎಂಬ ಅಡ್ಡಹೆಸರು ಬಂದಿತೆಂದು ಮನೆಯವರು ಹೇಳುತ್ತಿದ್ದರು. ಐದರ ಪ್ರಾಯದ ಹೊತ್ತಿಗೆ ಆತನು ತಂದೆತಾಯಿಗಳೊಡನೆ ರಂಗವೇರಿದ್ದನು. ತುಂಟ ಮಗನನ್ನು ತಂದೆ ಶಿಕ್ಷಿಸುವುದೇ ಆಟದ ವಸ್ತು. ತಂದೆಯು ಮಗನನ್ನು ಎತ್ತಿ ಪರದೆಯ ಮೇಲಕ್ಕೂ ವಾದ್ಯಗಾರರ ನಡುವಿಗೂ ಎಸೆಯುವನು. ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿಯೊಂದನ್ನು ಹೊಲಿದಿದ್ದರು! ಮಕ್ಕಳ ರಕ್ಷಣೆಗೆಂದು ನೇಮಕವಾದವರು ಬಂದು ಮೈಮೇಲೆ ಗಾಯಗಳನ್ನು ಹುಡುಕಿದರೂ ಏನೂ ಸಿಕ್ಕಲಿಲ್ಲ. ಬೀಳುವ ವಿದ್ಯೆ ಹುಡುಗನಿಗೆ ಅಷ್ಟು ಚೆನ್ನಾಗಿ ಕರಗತವಾಗಿತ್ತು. ಕ್ರಮವಾದ ಶಾಲಾಶಿಕ್ಷಣವಂತೂ ದೊರೆಯಲೇ ಇಲ್ಲ. ಇದನ್ನು ಓದಿ ನಮ್ಮಲ್ಲಿ ಕೆಲವರಿಗೆ ಅಸೂಯೆಯಾದರೆ, ದಿನಕ್ಕೆ ಎಷ್ಟು ಸಲ ಗೋಡೆಗೆ ಬಡಿಸಿಕೊಳ್ಳಬೇಕಾಗಿತ್ತೆಂಬುದನ್ನೂ ಅವರು ಯೋಚಿಸಬೇಕು.

ಆ ರಂಗದ ಮೇಲೆಯೇ ಕೀಟನ್ ತನ್ನ ಜೀವನದ ದೊಡ್ಡ ಗುಟ್ಟನ್ನು ಕಂಡುಕೊಂಡನು. ಬಿದ್ದೆದ್ದು ತಾನು ನಕ್ಕರೆ ಸಭಿಕರು ಸುಮ್ಮನಿರುವರು. ಏನೂ ನಡೆಯದವನಂತೆ ಗಂಭೀರನಾಗಿ ನಿಂತರೆ ಸಭೆಯೆಲ್ಲ ನಕ್ಕು ನಲಿಯುವುದು. ಇದರ ಕಾರಣವನ್ನು ನಾವು ಸ್ವಲ್ಪ ವಿಚಾರಿಸಬೇಕು. ನಟನು ನಕ್ಕಾಗ, ಇದು ಆಟ, ನೋವೇನೂ ಇಲ್ಲವೆಂದು ತಾನೇ ಸಾರಿದಂತಾಗುತ್ತದೆ. ನಗದಿದ್ದಾಗಲಾದರೋ ಎಲ್ಲಿ ನಗಬೇಕೆಂಬುದನ್ನು ನೋಡುವವನೇ ಹುಡುಕಿಕೊಳ್ಳಬೇಕು. ಹುಡುಕಿ ಕಂಡ ನಗೆಗೆ ಸವಿ ಹೆಚ್ಚು. ಆದರೆ ಕೀಟನ್ನನ ಮುಖವು ಭಾವಶೂನ್ಯವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಆ ದೊಡ್ಡ ಕಣ್ಣುಗಳಲ್ಲಿ ಭಯ, ಆಸೆ, ಲೆಕ್ಕಾಚಾರ ಎಲ್ಲವೂ ಇದ್ದುವು. ತುಟಿಗಳು ಮಾತ್ರ ಅವುಗಳ ಜೊತೆಗೂಡುತ್ತಿರಲಿಲ್ಲ.

೧೯೧೭ರಲ್ಲಿ ಆತನು ರಾಸ್ಕೋ ಅರ್ಬಕಲ್ ಎಂಬ ಹಾಸ್ಯನಟನ ಮೂಕಚಿತ್ರಗಳಲ್ಲಿ ಅಭಿನಯಿಸತೊಡಗಿದನು. ನಡುವೆ ಸೈನ್ಯ ಸೇರಿ ಫ್ರಾನ್ಸಿಗೂ ಹೋಗಿಬಂದನು. ೧೯೨೦ರಿಂದ ಸ್ವಂತ ಚಿತ್ರಗಳು ಹೊರಬಂದುವು. ಮುಂದಿನ ಎಂಟು ವರ್ಷಗಳಲ್ಲಿ ಆತನು ಮಾಡಿದ ಕೆಲಸವೇ ಇಂದಿಗೂ ಉಳಿದಿರುವುದು. ಅಪಾಯದ ಸಾಹಸಗಳನ್ನು ಬಹುಮಟ್ಟಿಗೆ ತಾನೇ ಮಾಡುತ್ತಿದ್ದನು. ೧೯೨೪ರ ಒಂದು ಚಿತ್ರದಲ್ಲಿ ರೈಲ್ವೆ ನೀರಿನ ತೊಟ್ಟಿಯ ಧಾರೆ ಆತನನ್ನು ಹಳಿಗಳ ಮೇಲೆ ಕೆಡವಿತು. ಅಂದು ಕತ್ತಿನ ಮೂಳೆ ಬಿರಿದಿತ್ತೆಂಬುದು ಗೊತ್ತಾದುದು ಹಲವು ವರ್ಷಗಳ ಬಳಿಕ, ಬೇರಾವುದೋ ಕಾರಣಕ್ಕೆ ಎಕ್ಸ್-ರೇ ತೆಗೆದಾಗ!

೧೯೨೬ರ 'ದಿ ಜನರಲ್' ಆತನ ಶ್ರೇಷ್ಠ ಕೃತಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಶತ್ರುಗಳು ಅಪಹರಿಸಿದ ರೈಲು ಎಂಜಿನ್ನನ್ನು ಅದರ ಚಾಲಕನು ಬೆನ್ನಟ್ಟುವ ಕಥೆ. ಪ್ರಿಯತಮೆ ತಿರಸ್ಕರಿಸಲು, ನಾಯಕನು ಎಂಜಿನ್ನಿನ ಚಕ್ರಗಳನ್ನು ಕೂಡಿಸುವ ಉಕ್ಕಿನ ತೋಳಿನ ಮೇಲೆ ಖಿನ್ನನಾಗಿ ಕುಳಿತುಬಿಡುತ್ತಾನೆ. ಎಂಜಿನ್ನು ಚಲಿಸುತ್ತದೆ, ತೋಳು ಏಳುತ್ತದೆ, ಇಳಿಯುತ್ತದೆ, ಅದರೊಡನೆ ಆತನೂ. ದುಃಖದಲ್ಲಿ ಮುಳುಗಿದವನಿಗೆ ಅದರ ಅರಿವೇ ಇಲ್ಲ. ಚಕ್ರಗಳು ಒಮ್ಮೆ ಜಾರಿ ವೇಗವಾಗಿ ತಿರುಗಿದ್ದರೆ ಪ್ರಾಣವೇ ಹೋಗುತ್ತಿತ್ತು. ಇದೇ ಚಿತ್ರಕ್ಕಾಗಿ ಆರೆಗಾನ್ ಸಂಸ್ಥಾನದಲ್ಲಿ ಉರಿಯುವ ಸೇತುವೆಯಿಂದ ನಿಜವಾದ ಎಂಜಿನ್ನೊಂದನ್ನು ಹೊಳೆಗೆ ಬೀಳಿಸಿದರು. ಅಷ್ಟೆಲ್ಲ ವೆಚ್ಚವಾದರೂ ಚಿತ್ರವನ್ನು ಅಂದಿನ ಜನ ಮೆಚ್ಚಲಿಲ್ಲ.

೧೯೨೮ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕ ಮನೆಯ ಇಡೀ ಮುಂಗೋಡೆ ಕೀಟನ್ನನ ಮೇಲೆ ಕವಿದು ಬೀಳುತ್ತದೆ. ಗೋಡೆಯು ಬಟ್ಟೆಯದಲ್ಲ, ನಿಜವಾದ ಭಾರವುಳ್ಳದ್ದು. ಆತನು ನಿಂತ ಸ್ಥಳಕ್ಕೆ ಸರಿಯಾಗಿ ಮೇಲಿನ ತೆರೆದ ಕಿಟಕಿಯೊಂದು ಬಂದು, ಅದರ ಚೌಕಟ್ಟಿನೊಳಗೆ ಆತನು ನಿಂತೇ ಉಳಿಯುತ್ತಾನೆ. ಭುಜಗಳ ಪಕ್ಕಕ್ಕೆ ಬಿಟ್ಟಿದ್ದ ಜಾಗ ಕೆಲವೇ ಅಂಗುಲ. ಕಾಲನ್ನು ಕೊಂಚ ತಪ್ಪಿ ಇಟ್ಟಿದ್ದರೂ ಅದೇ ಕೊನೆಯಾಗುತ್ತಿತ್ತು. ಮುಖ ಮಾತ್ರ ಎಂದಿನಂತೆಯೇ.

ಬೀಳುವ ಗೋಡೆಯಿಂದ ಪಾರಾದವನು ಕಾಗದದ ಒಪ್ಪಂದದಿಂದ ಪಾರಾಗಲಿಲ್ಲ. ಅದೇ ೧೯೨೮ರಲ್ಲಿ ಸ್ವಂತ ಸ್ಟುಡಿಯೋವನ್ನು ಬಿಟ್ಟು ಎಂ.ಜಿ.ಎಂ. ಸಂಸ್ಥೆಯನ್ನು ಸೇರಿದನು. ಬೇಡವೆಂದು ಚಾಪ್ಲಿನ್ ಎಚ್ಚರಿಸಿದ್ದನು. ಮೊದಲ ಚಿತ್ರವೇನೋ ಚೆನ್ನಾಗಿಯೇ ಆಯಿತು. ಬರುಬರುತ್ತ ಕಥೆಯನ್ನೂ ಮಾತನ್ನೂ ಇತರರು ನಿರ್ಣಯಿಸತೊಡಗಿದರು. ವಾಕ್ಚಿತ್ರಗಳಲ್ಲಿ ಆತನಿಗೆ ಒಗ್ಗದ ಹರಟೆಯನ್ನು ಆಡಿಸಿದರು. ಸಂಸಾರ ಒಡೆಯಿತು, ಕುಡಿತ ಅಂಟಿತು. ೧೯೩೩ರಲ್ಲಿ ಕೆಲಸವೂ ಹೋಯಿತು. ಮುಂದೆ ಅದೇ ಸಂಸ್ಥೆಯಲ್ಲಿ ಇತರ ನಟರಿಗೆ ಹಾಸ್ಯಪ್ರಸಂಗಗಳನ್ನು ಹೊಸೆದುಕೊಡುವ ಕೆಲಸವನ್ನು ಮಾಡಬೇಕಾಯಿತು.

೧೯೪೦ರಲ್ಲಿ ಎಲಿನಾರ್ ನಾರಿಸ್ ಎಂಬ ನರ್ತಕಿಯನ್ನು ವಿವಾಹವಾದ ಮೇಲೆ ಬಾಳು ನೆಲೆಗೊಂಡಿತು. ೧೯೫೨ರಲ್ಲಿ ಚಾಪ್ಲಿನ್ನನ 'ಲೈಮ್‌ಲೈಟ್' ಚಿತ್ರದಲ್ಲಿ ಇಬ್ಬರು ಹಳಬರೂ ಜೊತೆಯಾಗಿ ಅಭಿನಯಿಸಿದರು. ನಷ್ಟವಾದುವೆಂದುಕೊಂಡಿದ್ದ ಹಳೆಯ ಸುರುಳಿಗಳಲ್ಲಿ ಕೆಲವು, ಒಮ್ಮೆ ಕೀಟನ್ನನದಾಗಿದ್ದ ಮನೆಯಲ್ಲಿಯೇ, ಅದನ್ನು ಕೊಂಡಿದ್ದ ನಟ ಜೇಮ್ಸ್ ಮೇಸನ್ನನಿಗೆ ಸಿಕ್ಕಿದುವು. ಹೊಸ ಪೀಳಿಗೆ ಅವನ್ನು ನೋಡಿತು. ೧೯೬೫ರಲ್ಲಿ ವೆನಿಸ್ ಚಿತ್ರೋತ್ಸವದ ಸಭೆ ಎದ್ದುನಿಂತು ದೀರ್ಘಕಾಲ ಕರತಾಡನ ಮಾಡಿತು. ಮರುವರ್ಷ ಫೆಬ್ರವರಿ ೧ರಂದು ಕೀಟನ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡನು. ೧೯೮೯ರಲ್ಲಿ ಅಮೆರಿಕವು ರಾಷ್ಟ್ರೀಯ ಸಂಪತ್ತೆಂದು ಮೊದಲು ಆರಿಸಿದ ೨೫ ಚಿತ್ರಗಳಲ್ಲಿ 'ದಿ ಜನರಲ್' ಒಂದಾಗಿತ್ತು.

ಆತನು ನಗುವುದನ್ನು ಕಾಣಲೇಬೇಕೆಂಬ ಕುತೂಹಲವುಳ್ಳವರು ೧೯೧೭ರ 'ಕೋನಿ ಐಲೆಂಡ್' ಎಂಬ ಅರ್ಬಕಲ್ಲನ ಚಿತ್ರವನ್ನು ನೋಡಬಹುದು. ಅದರಲ್ಲಿ ಕೀಟನ್ ಬಾಯಿತುಂಬ ನಗುತ್ತಾನೆ. ನಮಗಂತೂ ಅದು ಬೇರೆ ಯಾರೋ ಎಂದೇ ತೋರಿತು.