ಜಾನ್ ಕಾನ್‌ಸ್ಟೆಬಲ್: ವಿದ್ಯಾರ್ಥಿಯಾಗಿಯೇ ಉಳಿದ ಕಲಾವಿದ

ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ 1776ರಲ್ಲಿ ಜನಿಸಿದ ಜಾನ್ ಕಾನ್‌ಸ್ಟೆಬಲ್ ಹಿಟ್ಟಿನ ಗಿರಣಿಯ ಒಡೆಯನ ಮಗನು. ತಂದೆಯ ಉದ್ಯಮವನ್ನು ತೊರೆದು ಚಿತ್ರಕಲೆಯನ್ನು ವರಿಸಿದ ಆತನಿಗೆ ಸರ್ ಜಾರ್ಜ್ ಬ್ಯೂಮಂಟನ ಸಂಗ್ರಹದಲ್ಲಿದ್ದ ಕ್ಲೋಡ್ ಲೊರೇನನ ಕೃತಿಗಳೇ ಗುರುವಾದವು.

1821ರಲ್ಲಿ 'ಹುಲ್ಲಿನ ಬಂಡಿ'ಯಂತಹ ಮಹಾಕೃತಿಯನ್ನು ಪ್ರದರ್ಶಿಸಿದ ಮೇಲೂ ಆತನ ಕಲಿಕೆ ನಿಲ್ಲಲಿಲ್ಲ. 1823ರಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ಬ್ಯೂಮಂಟನ ಕೋಲರ್ಟನ್ ಭವನದಲ್ಲಿ ಬಾಲವಿದ್ಯಾರ್ಥಿಯಂತೆ ಕುಳಿತು, ಲೊರೇನನು ರಚಿಸಿದ್ದ ಮೇಕೆ ಕಾಯುವವನ ಚಿತ್ರವನ್ನು ಪ್ರತಿಮಾಡಿದನು. ಮಡದಿ ಮನೆಯಲ್ಲಿ ದಾರಿ ಕಾಯುತ್ತಿದ್ದರೂ ಹಲವು ವಾರ ಅಲ್ಲಿಯೇ ಉಳಿದನು. ಹೆಮ್ಮರಗಳ ನಡುವೆ ಕಿರಿದಾದ ಮನುಷ್ಯಾಕೃತಿಯು ನಿಸರ್ಗವನ್ನು ಮೀರದೆ, ಅದರಲ್ಲಿ ಮರೆಯಾಗದೆ ನಿಲ್ಲುವ ಬಗೆಯೇ ಆ ಚಿತ್ರದ ಪಾಠ.

ಮರುವರ್ಷ ಪ್ಯಾರಿಸಿನಲ್ಲಿ ಆತನಿಗೆ ಸ್ವರ್ಣಪದಕ ಸಂದಿತು. ಸ್ವದೇಶದ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ ದೊರೆತುದು 1829ರಲ್ಲಿ, ಮಡದಿ ತೀರಿಕೊಂಡ ಬಳಿಕ. 1837ರಲ್ಲಿ ಆತನು ಕಾಲವಾದನು. ಕೀರ್ತಿ ಬಂದ ಮೇಲೂ ಶಿಷ್ಯನಾಗಿ ಕುಳಿತುಕೊಳ್ಳಬಲ್ಲ ವಿನಯವೇ ಆತನ ಬಾಳಿನ ಸಂದೇಶ.