ನಟವರ್ಯ ಪಿ. ಜೆ. ಆಂಟನಿ

ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ. ನಮಗೆ ಅನ್ನವಿತ್ತ ಕೇರಳಕ್ಕೂ ಅದೇ ಹುಟ್ಟುಹಬ್ಬ. 1956ರಲ್ಲಿ ಎರಡು ರಾಜ್ಯಗಳೂ ಒಂದೇ ದಿನ ರೂಪುಗೊಂಡವು. ಆದುದರಿಂದ ಈ ಸಂಚಿಕೆಯಲ್ಲಿ ಕೊಚ್ಚಿಯ ಕಲಾವಿದರೊಬ್ಬರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಂಟನಿಯವರು 1925ರಲ್ಲಿ ಎರ್ನಾಕುಳಂನ ಪಚ್ಚಾಳದಲ್ಲಿ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳದಲ್ಲಿ ದುಡಿದರು. ಊರಿಗೆ ಮರಳಿದ ಮೇಲೆ ನಾಟಕವೇ ಅವರ ಬಾಳಾಯಿತು. ತಾವೇ ಬರೆದರು, ಆಡಿಸಿದರು, ಆಡಿದರು. ನಾಟಕ ತಂಡಗಳನ್ನೂ ಕಟ್ಟಿದರು.

1950ರ ದಶಕದ ಕೊನೆಯಲ್ಲಿ ಚಿತ್ರರಂಗವು ಅವರನ್ನು ಕರೆಯಿತು. ಆದರೆ ನಾಯಕನ ಪಟ್ಟ ಅವರದಾಗಲಿಲ್ಲ. 1964ರ ‘ಭಾರ್ಗವೀನಿಲಯಂ’ ಚಿತ್ರದಲ್ಲಿ ಮಧು, ಪ್ರೇಮ್ ನಜೀರ್ ಮೆಚ್ಚುಗೆಯ ಪಾತ್ರಗಳಲ್ಲಿ ಮೆರೆದರೆ, ಆಂಟನಿಯವರ ಪಾಲಿಗೆ ಬಂದುದು ಖಳನ ವೇಷ. ಹೀಗೆ ಪೋಷಕ ಪಾತ್ರಗಳಲ್ಲಿಯೇ ವರ್ಷಗಳು ಉರುಳಿದವು.

1973ರಲ್ಲಿ ಎಂ. ಟಿ. ವಾಸುದೇವನ್ ನಾಯರ್ ತಮ್ಮ ಮೊದಲ ನಿರ್ದೇಶನದ ‘ನಿರ್ಮಾಲ್ಯಂ’ ಚಿತ್ರಕ್ಕೆ ಅವರನ್ನೇ ಆರಿಸಿದರು. ಪಾತ್ರ ವೆಳಿಚ್ಚಪ್ಪಾಡನದು, ಅಂದರೆ ನಮ್ಮ ಕರಾವಳಿಯ ದರ್ಶನ ಪಾತ್ರಿಯಂತೆ ಮೈಮೇಲೆ ದೇವಿ ಬರುವವನು. ಗುಡಿ ಪಾಳುಬಿದ್ದಿದೆ, ಮನೆಯಲ್ಲಿ ಹಸಿವು. ಉತ್ಸವದ ದಿನ ಸಂಸಾರದ ಮಾನವೂ ಮಣ್ಣುಪಾಲಾಗಿದೆಯೆಂದು ತಿಳಿದ ಆತ, ಕುಣಿದು ಕುಣಿದು, ಖಡ್ಗದಿಂದ ಹಣೆಯೊಡೆದುಕೊಂಡು, ಬಾಯಿಗಿಳಿದ ರಕ್ತವನ್ನು ದೇವಿಯ ವಿಗ್ರಹದ ಮೇಲೆ ಉಗುಳಿ ಪ್ರಾಣ ಬಿಡುತ್ತಾನೆ. ಕ್ರೈಸ್ತರಾಗಿ ಹುಟ್ಟಿದ ನಟರು ದೇವಿಯ ಸೇವಕನ ಸಂಕಟವನ್ನು ಈ ಪರಿ ಒಳಗು ಮಾಡಿಕೊಂಡರಲ್ಲ, ಇದಕ್ಕಿಂತ ದೊಡ್ಡ ಕಲೆ ಯಾವುದು?

ತಿರುವನಂತಪುರದ ರಾಜ್ಯ ಸರ್ಕಾರವು ಅವರನ್ನು ಶ್ರೇಷ್ಠ ನಟರೆಂದು ಗೌರವಿಸಿತು. ರಾಷ್ಟ್ರವು ‘ಭರತ್’ ಪ್ರಶಸ್ತಿಯನ್ನಿತ್ತಿತು. ಮಲಯಾಳದ ನಟರೊಬ್ಬರಿಗೆ ಅದು ಬಂದುದು ಅದೇ ಮೊದಲು. ಆಗ ಅವರ ವಯಸ್ಸು ಐವತ್ತರ ಹತ್ತಿರ. ಆ ಮನ್ನಣೆಯನ್ನು ಬಹುಕಾಲ ಅನುಭವಿಸುವ ಯೋಗವಿರಲಿಲ್ಲ. 1979ರ ಮಾರ್ಚಿಯಲ್ಲಿ ಕಣ್ಮರೆಯಾದರು.

ಕನ್ನಡಿಗರಿಗೆ ಇಲ್ಲೊಂದು ಸೋಜಿಗವುಂಟು. ಎರಡೇ ವರ್ಷಗಳ ತರುವಾಯ, 1975ರ ‘ಚೋಮನ ದುಡಿ’ಗಾಗಿ ನಮ್ಮ ಎಂ. ವಿ. ವಾಸುದೇವರಾಯರು ರಾಷ್ಟ್ರದ ಶ್ರೇಷ್ಠ ನಟರಾದರು. ಎರಡು ಚಿತ್ರಗಳೂ ಆಯಾ ವರ್ಷದ ಸರ್ವಶ್ರೇಷ್ಠ ಚಿತ್ರಗಳೆನಿಸಿದವು. ಇಬ್ಬರೂ ರಂಗಭೂಮಿಯಿಂದ ಬಂದವರು. ಇಬ್ಬರೂ ಬಡವನ ಒಡಲ ಬೆಂಕಿಯನ್ನು ಅಭಿನಯಿಸಿ ಗೆದ್ದವರು. ಚೆಲುವಾಗಲಿ ತಾರಾಪಟ್ಟವಾಗಲಿ ಅವರಿಗೆ ಬೇಕಾಗಲಿಲ್ಲ.

ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಈ ಎರಡು ಚಿತ್ರಗಳನ್ನೂ ತೋರಿಸೋಣ. ಚೋಮನನ್ನು ಬಲ್ಲ ಮಗುವಿಗೆ ವೆಳಿಚ್ಚಪ್ಪಾಡನು ಪರಕೀಯನಾಗಲಾರನು.